ಹುಳದ ಮನೆಯಲ್ಲಿ ದೀಪಾವಳಿ

ಕೊರೋನಾದ ಎರಡನೇ ಅಲೆ ಇಳಿದ ಮೇಲೆ ಬಂದ ದೀಪಾವಳಿ ಅದು. ನಾನು ಆಗ ಕೊಳ್ಳೇಗಾಲದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಕೌಂಟರಿನ ಆಚೆ ನಿಂತವರಿಗೆ ಮಾಸ್ಕು ಮೇಲಕ್ಕೆ ಎಳೆದುಕೊಳ್ಳಿ, ಸ್ವಲ್ಪ ದೂರ ನಿಲ್ಲಿ ಎಂದು ದಿನವಿಡೀ ಹೇಳುವುದೇ ನನ್ನ ಅರ್ಧ ಕೆಲಸ. ಹಾಗೆ ಹೇಳುವವನಿಗೆ ಈ ರೋಗದ ವಿಚಾರ ಎಲ್ಲಾ ಗೊತ್ತಿರುತ್ತದೆ ಎಂದು ನಮ್ಮ ಮನೆಯವರು ನಂಬಿದ್ದರು. ನನಗೂ ಆ ನಂಬಿಕೆ ಇತ್ತು, ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನದವರೆಗೆ.

ಅವತ್ತು ಸತ್ತೇಗಾಲದ ಕಡೆಯ ಒಬ್ಬರು ಅಂಗಡಿಗೆ ಬಂದರು. ಮಾಸ್ಕು ಗದ್ದದ ಕೆಳಗಿತ್ತು, ಕಣ್ಣು ಕೆಂಪಾಗಿದ್ದವು.

"ಸಾ, ಜ್ವರದ ಮಾತ್ರೆ ಕೊಡಿ. ನಮ್ಮನೇವ್ರಿಗೆ."

ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಕೌಂಟರಿನ ಮೇಲೆ ಬಾಗಿ ಕೆಮ್ಮಿದರು. ನಾನು ಮಾತ್ರೆಯ ಡಬ್ಬಿ ಹಿಡಿದು ಎದುರಿಗೇ ನಿಂತಿದ್ದೆ.

"ಜ್ವರ ಮನೆಯವರಿಗೋ ನಿಮಗೋ?"

"ಇಬ್ರಿಗೂ ಅಂತ್ಲೇ ಇಟ್ಕಳಿ ಸಾ."

"ಹಾಗಾದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಟೆಸ್ಟ್ ಮಾಡಿಸಿ."

"ಅಬ್ಬ ಕಳೀಲಿ. ಈಗ ಪಾಜಿಟಿವು ಅಂದ್ಬುಟ್ರೆ ಮಗ್ಳು ಅಳಿಯ ಬಾಗ್ಲಿಂದ್ಲೇ ವಾಪಸ್ ಓಯ್ತಾರೆ."

ಮಾತ್ರೆ ಜೇಬಿಗೆ ಹಾಕಿಕೊಂಡು ಅವರು ಹೊರಟರು. ನಾನು ಕೌಂಟರನ್ನು ಸ್ಯಾನಿಟೈಸರಿನಲ್ಲಿ ಒರೆಸಿದೆ, ಕೈ ತೊಳೆದೆ. ಆದರೆ ಮುಖಕ್ಕೆ ಬಡಿದ ಆ ಉಸಿರನ್ನು ಯಾವುದರಿಂದ ಒರೆಸುವುದು? ನನ್ನ ಮಾಸ್ಕೋ ಬೆಳಿಗ್ಗೆಯಿಂದ ಒದ್ದೆಯಾಗಿ ಸಡಿಲವಾಗಿತ್ತು. ಅಂಗಡಿ ಯಜಮಾನರಿಗೆ ಹೇಳಿದರೆ, "ಎರಡು ಡೋಸೂ ಆಗಿದೆಯಲ್ಲಯ್ಯ, ಸುಮ್ನೆ ಹಬ್ಬಕ್ಕೆ ಹೋಗು" ಎಂದರು.

ಹಬ್ಬಕ್ಕೆ ಹೋಗಬೇಕಾದದ್ದು ಹನೂರು ದಾಟಿ ಒಡೆಯರಪಾಳ್ಯದ ಕಡೆ ಇರುವ ನಮ್ಮ ಊರಿಗೆ. ಅಲ್ಲಿ ಅವ್ವ ಮತ್ತು ಅಜ್ಜಿ ಇದ್ದರು. ಅಜ್ಜಿ ಎಂದರೆ ತೀರಿಹೋದ ನನ್ನ ಅಪ್ಪನ ತಾಯಿ. ಆಕೆಗೆ ಉಬ್ಬಸ, ಮೋಡ ಕಟ್ಟಿದರೆ ಸಾಕು, ಎದೆ ಕುಯ್ಯೋ ಎನ್ನುತ್ತಿತ್ತು. ಯಳಂದೂರಿಗೆ ಕೊಟ್ಟಿದ್ದ ನಮ್ಮಕ್ಕ ಎಳೆಗೂಸನ್ನು ಕರೆದುಕೊಂಡು ಬರುವವಳಿದ್ದಳು. ಕೂಸು ಹುಟ್ಟಿದ ಮೇಲೆ ಮೊದಲ ಹಬ್ಬ. ಬಾಣಂತನದ ಹೊತ್ತಿನಲ್ಲಿ ಊರಿಗೂರೇ ಬಾಗಿಲು ಹಾಕಿಕೊಂಡಿದ್ದರಿಂದ ಅಜ್ಜಿ ಆ ಕೂಸನ್ನು ಫೋನಿನ ವಿಡಿಯೋದಲ್ಲಿ ಮಾತ್ರ ಕಂಡಿದ್ದಳು.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಗಲೇ ಬಸ್ಸಿನಲ್ಲಿದ್ದಳು.

"ಅಕ್ಕ, ನೀನು ಬರದೇ ಇದ್ರೆ ಒಳ್ಳೇದೇನೋ."

"ಯಾಕ್ಲಾ?"

"ಇಲ್ಲ, ಬಾ. ಹೊರಟಿದ್ದೀಯಲ್ಲ, ಬಾ. ನಾನೇ ಬರೋದು ಬ್ಯಾಡ್ವೇನೋ."

"ಒಂದ್ ಮಾತಾಡು. ಕೂಸು ಅಳ್ತಾ ಅದೆ" ಎಂದು ಫೋನ್ ಇಟ್ಟಳು.

ಎಳೆಗೂಸಿನ ಜೊತೆ ಅವಳೊಬ್ಬಳನ್ನೇ ಕಳಿಸಲಾಗದೆ ನಾನೂ ಹೊರಟೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅವಳನ್ನು ಹನೂರಿನ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಗಾಜು ಸರಿಸಿದೆ. ಗಾಳಿ ಆಡುತ್ತಿದ್ದರೆ ಅಪಾಯ ಕಡಿಮೆ ಎಂದು ಅಂಗಡಿಯಲ್ಲಿ ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಅದನ್ನು ಮುಚ್ಚಿದರು. "ಎಳೆ ಕೂಸ್ಗೆ ಸೀತ ಆಯ್ತದೆ, ಗ್ಯಾನ ಇಲ್ವಾ?" ನಾನು ಮತ್ತೆ ತೆರೆದೆ. ಅವರು ಮತ್ತೆ ಮುಚ್ಚಿದರು. ಅಷ್ಟರಲ್ಲಿ ಜನ ತುಂಬಿ, ನಾನು ಹಿಂದಿನ ಬಾಗಿಲ ಮೆಟ್ಟಿಲಿಗೆ ಹೋಗಿ ಮುಖ ಹೊರಗೆ ಹಾಕಿ ನಿಂತೆ. ದೂರ ನಿಂತದ್ದು ಅವರ ಒಳ್ಳೆಯದಕ್ಕೇ. ಆದರೆ ಬ್ಯಾಗು, ಛತ್ರಿ, ಕೂಸು ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದ ಅಕ್ಕ ದಾರಿಯುದ್ದಕ್ಕೂ ನನ್ನತ್ತ ತಿರುಗಿ ತಿರುಗಿ ನೋಡುತ್ತಿದ್ದಳು. ನಾನು ಅವಳ ಜೊತೆಯಲ್ಲಿದ್ದೇನೋ ಇಲ್ಲವೋ ಎಂಬುದೇ ನನಗೆ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಅವ್ವ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ನೀರು ತುಂಬುತ್ತಿದ್ದಳು. ನಾನು ಅಂಗಳದಲ್ಲೇ ನಿಂತು ಅಂಗಡಿಯಲ್ಲಿ ಆದದ್ದನ್ನು ಹೇಳಿದೆ. ಅವ್ವ ಚೊಂಬು ಕೆಳಗಿಟ್ಟಳು.

"ನಿಂಗೆ ಜ್ವರ ಅದಾ?"

"ಇಲ್ಲ."

"ಕೆಮ್ಮು?"

"ಇಲ್ಲ. ಆದ್ರೆ ಬರೋಕ್ಕೆ ಮುಂಚೇನೂ ಅಂಟುತ್ತೆ ಅಂತಾರೆ."

"ಇಲ್ದಿರೋದು ಎಂಗ್ಲಾ ಅಂಟ್ತದೆ?"

ಅವ್ವ ಮನೆಯ ಹಿಂದಿನ ರೇಷ್ಮೆ ಹುಳ ಸಾಕುವ ಮನೆಯತ್ತ ಕೈ ತೋರಿಸಿದಳು. ಗೂಡು ಮಾರಿ, ತೊಳೆದು, ಮುಂದಿನ ಹುಳಕ್ಕಾಗಿ ಬ್ಲೀಚಿಂಗ್ ಪುಡಿ ಹಾಕಿ ಖಾಲಿ ಬಿಟ್ಟಿದ್ದರು. "ಅಲ್ಲೇ ಮಲಿಕೊ. ಊಟ ತಂದು ಬಾಗ್ಲಲ್ಲಿ ಮಡಗ್ತೀನಿ" ಎಂದಳು. ಹುಳಕ್ಕೆ ಹಾಲುರೋಗ ಬರುತ್ತದೆಂದು ನಾವು ಕಾಲು ತೊಳೆದು ಒಳಗೆ ಹೋಗುತ್ತಿದ್ದ ಮನೆ ಅದು. ಈಗ ರೋಗ ಇರಬಹುದಾದವನು ಒಳಗೆ, ಉಳಿದವರೆಲ್ಲಾ ಹೊರಗೆ. ಅಭ್ಯಾಸಬಲದಿಂದ ಬಾಗಿಲಲ್ಲಿ ಕಾಲು ತೊಳೆದುಕೊಂಡೇ ಒಳಗೆ ಹೋದೆ.

ಮಾರನೇ ಬೆಳಿಗ್ಗೆ ಎಣ್ಣೆಸ್ನಾನ. ನಮ್ಮ ಮನೆಯಲ್ಲಿ ಮೊಮ್ಮಕ್ಕಳ ತಲೆಗೆ ಎಣ್ಣೆ ಇಡುವುದು ಅಜ್ಜಿಯೇ. ಮೀಸೆ ಬಂದ ಮೇಲೂ ಅದು ನನಗೆ ತಪ್ಪಿರಲಿಲ್ಲ. ಎಣ್ಣೆ ಬಟ್ಟಲು ಹಿಡಿದು, ಏದುಸಿರು ಬಿಡುತ್ತಾ, ಅವಳು ಹುಳದ ಮನೆಯ ಬಾಗಿಲಿಗೆ ಬಂದಳು. ನಾನು ಗೋಡೆಯವರೆಗೂ ಹಿಂದೆ ಸರಿದೆ.

"ಅಲ್ಲೇ ನಿಂತ್ಕೊ ಅಜ್ಜಿ. ಹತ್ರ ಬರ್ಬ್ಯಾಡ."

ಅಜ್ಜಿ ಹೊಸ್ತಿಲಲ್ಲೇ ನಿಂತಳು. ಅವಳ ಮುಖ ಬದಲಾಯಿತು.

"ಗೊತ್ತಾಯ್ತು ಬುಡ್ಲಾ. ನನ್ ಕೆಮ್ಮು ಕೇಳಿದ್ರೆ ನಲ್ಲಿ ತಾವ ಎಲ್ರೂ ಇಂಗೇ ದೂರ ಓಯ್ತಾರೆ. ನೀನೂ ಕಲ್ತ್ಕಂಡೆ."

ರಾತ್ರಿಯಿಂದ ನನ್ನನ್ನು ಹೊರಗೆ ಇಟ್ಟದ್ದನ್ನು ಅವಳು ತನ್ನಿಂದ ನನ್ನನ್ನು ಕಾಪಾಡಲು ಎಂದು ತಿಳಿದಿದ್ದಳು. ಸೊಸೆ ಮೊಮ್ಮಕ್ಕಳೆಲ್ಲಾ ಮಾಸ್ಕು ಹಾಕಿಕೊಳ್ಳುವ ಹಬ್ಬಕ್ಕೆ ತಾನೇ ಕಾರಣ ಎಂದುಕೊಂಡು ಕೂತಿದ್ದಳು, ಯಾರನ್ನೂ ಕೇಳಿರಲಿಲ್ಲ.

"ನಿಂಗಲ್ಲ ಕಣಜ್ಜಿ! ನಂಗೆ ಬಂದಿರ್ಬೌದು ಅಂತ."

"ನಿಂಗೇನ್ ಬಂದದೆ? ಗುಂಡ್ಕಲ್ಲಂಗೆ ಇದ್ದೀಯ."

"ಬಂದದೋ ಇಲ್ವೋ ಗೊತ್ತಿಲ್ಲ."

"ಗೊತ್ತಿಲ್ದೆ ಇರೋದ್ಕೆ ಈಪಾಟಿ ದೂರನಾ?"

ಕೊನೆಗೆ ಅವಳು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಅಂಗಳದ ಕಲ್ಲಿನ ಮೇಲೆ ಕೂತಳು. ನಾನು ನನ್ನ ತಲೆಗೆ ನಾನೇ ಎಣ್ಣೆ ಹಚ್ಚಿಕೊಂಡೆ. "ನೆತ್ತಿಗೆ ಆಕು. ಕಿವಿ ಹಿಂದ್ಗಡೆ. ಅಲ್ಲಲ್ಲ, ಆ ಕಡೆ" ಎಂದು ಅವಳು ಹೇಳುತ್ತಾ ಹೋದಳು. ಹೇಳುವಾಗ ಅವಳ ಬೆರಳುಗಳು ಗಾಳಿಯಲ್ಲೇ ಆಡುತ್ತಿದ್ದವು. ಅವಳು ನನ್ನ ಮಾತು ನಂಬಿದಳೋ ಇಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ.

ಹಬ್ಬದ ಕೊನೆಯ ದಿನ ಅವ್ವ ಅಕ್ಕನ ಜೊತೆ ಕಳಿಸಲು ಮತ್ತೆ ಕಜ್ಜಾಯ ಸುಡಲು ಕೂತಳು. ಹುಳದ ಮನೆಯಲ್ಲಿದ್ದ ನನಗೆ ಬೆಲ್ಲ ಸೀದ ವಾಸನೆ ಗಾಢವಾಗಿ ಬಂತು. ಅವ್ವ ಎಲ್ಲೋ ಎದ್ದು ಹೋಗಿರಬೇಕೆಂದು ಓಡಿ ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದೆ. ಅವಳು ಬಾಣಲೆಯ ಮುಂದೆಯೇ ಕೂತಿದ್ದಳು. ಬೆನ್ನು ಬಾಣಲೆಗೆ ಮಾಡಿ, ಕೂಸನ್ನು ಆಡಿಸುತ್ತಾ ಅಕ್ಕನೊಡನೆ ಮಾತಾಡುತ್ತಿದ್ದಳು. ಎಣ್ಣೆಯಲ್ಲಿ ಕಜ್ಜಾಯ ಕರಿ ಇದ್ದಿಲಾಗಿತ್ತು.

"ಅವ್ವಾ, ಸೀದೋಯ್ತು!"

ಅವಳು ತಿರುಗಿ ನೋಡಿ ಬೆಚ್ಚಿದಳು. "ವಾಸ್ನೇನೇ ಬರ್ಲಿಲ್ವಲ್ಲಾ" ಎಂದಳು.

ಅಕ್ಕ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಹೋದಳು. ಕಾಫಿ ಪುಡಿ ಡಬ್ಬಿ ಮೂಸಿಸಿದೆವು. ಅವ್ವನಿಗೆ ಏನೂ ತಿಳಿಯಲಿಲ್ಲ. ಎರಡು ದಿನದಿಂದ ಮೈ ಕೈ ನೋವಿತ್ತು, ಹಬ್ಬದ ಕೆಲಸದ ಆಯಾಸ ಅಂದುಕೊಂಡಿದ್ದೆ ಎಂದಳು. ಅಷ್ಟೂ ದಿನ ಅವಳ ಪಕ್ಕದಲ್ಲೇ ಅಜ್ಜಿ ಮಲಗಿದ್ದಳು, ಅವಳ ಮಡಿಲಲ್ಲೇ ಕೂಸು ಆಡಿತ್ತು.

ಹನೂರಿನ ಸರ್ಕಾರಿ ಆಸ್ಪತ್ರೆಗೆ ಅವ್ವ ನಾನು ಆಟೋದಲ್ಲಿ ಹೋದೆವು, ಆಟೋದ ಎರಡೂ ಕಡೆಯ ಪರದೆ ಎತ್ತಿ ಕಟ್ಟಿಸಿ. ಇಬ್ಬರ ಮೂಗಿಗೂ ಕಡ್ಡಿ ಹಾಕಿದರು. ಅವ್ವನಿಗೆ ಪಾಸಿಟಿವ್. ನನಗೆ ಇಲ್ಲ. ನಾನು ಇನ್ನೊಮ್ಮೆ ಕೇಳಿದೆ, ಅದಲು ಬದಲು ಆಗಿಲ್ಲವೇ ಎಂದು. ಡಾಕ್ಟರು ನಕ್ಕರು. "ನಿಮ್ಮಿಂದ ಬಂದಿದ್ರೆ ಇಷ್ಟು ಬೇಗ ಕಾಣಿಸ್ಕೊಳ್ಳೋದು ಕಷ್ಟ. ಆದ್ರೂ ಹೇಳಕ್ಕಾಗಲ್ಲ" ಎಂದರು. ಅವ್ವ ಹಬ್ಬಕ್ಕೆ ಮುಂಚೆ ಹೂವು, ಬಾಳೆಹಣ್ಣು ಎಂದು ಸಂತೆಗೆ ಹೋಗಿ ಬಂದಿದ್ದಳು. ಆಗಲೇ ಇರಬಹುದು.

ಆ ಸಂಜೆ ಅವ್ವ ಹುಳದ ಮನೆಗೆ ಹೋದಳು, ನಾನು ಮನೆಯೊಳಕ್ಕೆ ಬಂದೆ. ಬಾಗಿಲಲ್ಲಿ ಊಟ ಇಡುವವನು ಈಗ ನಾನು. ಯಳಂದೂರಿನಿಂದ ಭಾವ ಫೋನ್ ಮಾಡಿ ತಾಯಿ ಮಗುವನ್ನು ತಕ್ಷಣ ಕಳಿಸು ಎಂದರು. ಕಳಿಸಿದರೆ ಅಲ್ಲಿಗೂ ಹೊತ್ತುಕೊಂಡು ಹೋದಂತೆ, ಇಟ್ಟುಕೊಂಡರೆ ಇಲ್ಲೇ ಅಂಟೀತು. ಇರಲಿ ಎಂದು ಆಶಾ ಕಾರ್ಯಕರ್ತೆ ಹೇಳಿದ್ದರಿಂದ ಅಕ್ಕ ಉಳಿದಳು, ಕಿಟಕಿಗಳನ್ನೆಲ್ಲಾ ತೆರೆದಿಟ್ಟು. ಅಜ್ಜಿ ಎಂದಿನಂತೆ ಕೆಮ್ಮುತ್ತಿದ್ದಳು. ಪ್ರತಿ ಕೆಮ್ಮಿಗೂ ನಾನು ಅಕ್ಕನ ಮುಖ ನೋಡುತ್ತಿದ್ದೆ, ಅಕ್ಕ ನನ್ನ ಮುಖ ನೋಡುತ್ತಿದ್ದಳು. ಇದು ಹಳೆಯ ಕೆಮ್ಮೋ ಹೊಸದೋ ಹೇಗೆ ಹೇಳುವುದು? ಅಜ್ಜಿಯನ್ನೇ ಕೇಳಿದರೆ, "ನಂಗೇನ್ ಗೊತ್ತು? ಎಲ್ಲಾ ಒಂದೇ ತರ ಬತ್ತದೆ" ಎಂದಳು.

ಆಸ್ಪತ್ರೆಯವರು ಮನೆಗೇ ಬಂದು ಅವಳಿಗೂ, ಅಕ್ಕನಿಗೂ ಟೆಸ್ಟ್ ಮಾಡಿದರು. ಇಬ್ಬರಿಗೂ ಇರಲಿಲ್ಲ. ಕೂಸಿನ ಮೈ ಬಿಸಿಯಾಗಲೇ ಇಲ್ಲ. ಅವ್ವನ ಪಕ್ಕದಲ್ಲೇ ಮಲಗಿದ್ದ ಉಬ್ಬಸದ ಮುದುಕಿಗೆ ಬಾರದೆ ಹೋದದ್ದು ಹೇಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಮೊದಲು ಹೇಳುತ್ತಿದ್ದುದನ್ನೇ ಹೇಳುತ್ತೇನೆ, ಆದರೆ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಅಕ್ಕ ಕೂಸನ್ನು ಕರೆದುಕೊಂಡು ಯಳಂದೂರಿಗೆ ಹೋದ ಮೇಲೆ, ಒಂದು ಬೆಳಿಗ್ಗೆ ಅವ್ವ ಹುಳದ ಮನೆಯಿಂದ ಹೊರಗೆ ಬಂದು ಜಗಲಿಯ ಬಿಸಿಲಿನಲ್ಲಿ ಕೂತಳು. ಸೊರಗಿದ್ದಳು. ನಾನು ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದಳು.

"ಸಕ್ರೆ ಆಕಿದ್ದೀಯೇನ್ಲಾ?"

"ಆಕಿವ್ನಿ."

"ನಂಗೆ ಗೊತ್ತಾಯ್ತಿಲ್ಲ."

"ಇನ್ನೊಂದ್ ಸ್ವಲ್ಪ ಆಕ್ಲಾ?"

ಅವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬ್ಯಾಡ ಬುಡು. ಕುಡೀತಾ ಕುಡೀತಾ ಬಂದ್ರೂ ಬರ್ಬೌದು" ಎಂದು ನಿಧಾನಕ್ಕೆ ಕುಡಿಯತೊಡಗಿದಳು.