ಲಿಂಗಸುಗೂರಿನಲ್ಲಿ ಉಳಿದ ಆರು ರೂಪಾಯಿ

ಮಸ್ಕಿಯಲ್ಲಿ ಸಂತೆಯ ದಿನ ನಾನು ಎಂದಿಗಿಂತ ಸ್ವಲ್ಪ ಬೇಗ ಏಳುತ್ತಿದ್ದೆ. ಒಲೆಯ ಬೂದಿ ತೆಗೆದು, ತೊಗರಿಕಟ್ಟಿಗೆ ಒಟ್ಟಿ, ಹೆಂಚು ಕಾಯುವಷ್ಟರಲ್ಲಿ ಜೋಳದ ಹಿಟ್ಟನ್ನು ಜರಡಿ ಹಿಡಿಯುವುದು. ಎಂಟು ರೊಟ್ಟಿ, ಪುಂಡಿಪಲ್ಲೆ. ನಮ್ಮ ಮನೆಯವರು ಕಚೇರಿಗೆ ಹೋದ ಮೇಲೆ ಮಗಳಿಗೆ ಎರಡು ಜಡೆ, ಜಡೆ ಮುಗಿಯುವ ತನಕ ಮಗ್ಗಿ. ಆವತ್ತು ಅವಳು ಹನ್ನೆರಡರ ಮಗ್ಗಿಯಲ್ಲಿ ಎರಡು ಸಲ ಎಡವಿದಳು. ನಾನು ಗದರಲಿಲ್ಲ. ಆವತ್ತು ನಮ್ಮ ಮನೆಗೆ ಹೊಲಿಗೆ ಯಂತ್ರ ಬರುವುದಿತ್ತು.

ಸಿಂಧನೂರಿನ ಏಜೆಂಟರೊಬ್ಬರು ಸಂತೆಗೆ ಯಂತ್ರ ತಂದು ಕಂತಿನ ಮೇಲೆ ಕೊಡುತ್ತಿದ್ದರು. ಕೈಹೊಲಿಗೆಯಲ್ಲಿ ನನಗೆ ತಿಂಗಳಿಗೆ ನಾಲ್ಕು ಕುಪ್ಪಸ ಮುಗಿದರೆ ಹೆಚ್ಚು. ಯಂತ್ರ ಬಂದರೆ ಜೂನ್ ತಿಂಗಳಲ್ಲಿ ಮಗಳನ್ನು ನಾನು ಓದಿದ ಕಾನ್ವೆಂಟಿಗೇ ಸೇರಿಸಬಹುದಿತ್ತು. ನಮ್ಮ ಮನೆಯವರದು ಕಾರಕೂನನ ಸಂಬಳ, ಅದು ಮನೆಗೇ ಸರಿಹೋಗುತ್ತಿತ್ತು. ಹಾಸ್ಟೆಲಿನ ಖರ್ಚು ನನ್ನ ಸೂಜಿಯಿಂದಲೇ ಹುಟ್ಟಬೇಕಿತ್ತು.

ಏಜೆಂಟರು ಜಾಮೀನು ಕೇಳಿರಲಿಲ್ಲ. "ಮೊದಲ ಯಾವ ಊರಾಗಿದ್ರಿ, ಯಾವ ಅಂಗಡ್ಯಾಗ ಉದ್ರಿ ತರ್ತಿದ್ರಿ?" ಎಂದಷ್ಟೇ ಕೇಳಿದ್ದರು. ನಾನು ಹೆಮ್ಮೆಯಿಂದಲೇ ಲಿಂಗಸುಗೂರಿನ ಕಿರಾಣಿ ಅಂಗಡಿ ಹೇಳಿದ್ದೆ. ಅಲ್ಲಿ ಐದು ವರ್ಷ ಸಂಬಳದ ಮರುದಿನವೇ ಲೆಕ್ಕ ತೀರಿಸಿದವಳು ನಾನು.

ಹತ್ತು ಗಂಟೆಗೆ ಏಜೆಂಟರು ಬಂದರು, ಯಂತ್ರವಿಲ್ಲದೆ. ಕಟ್ಟೆಯ ಮೇಲೆ ಕೂರಲೂ ಇಲ್ಲ.

"ಅಕ್ಕಾರ, ಈ ಸಲ ಆಗಂಗಿಲ್ರಿ."

"ಯಾಕ್ರಿ?"

ಅವರು ಛತ್ರಿಯ ತುದಿಯಿಂದ ನೆಲದ ಮೇಲೆ ಗೀರಿದರು. "ಲಿಂಗಸುಗೂರಾಗ ಕೇಳಿದ್ನಿರಿ. ಬಾಕಿ ಉಳಿಸಿ ಊರು ಬಿಟ್ಟಾರ ಅಂದ್ರು."

ಬಾಗಿಲನ್ನು ಕೂಡ ಸದ್ದಾಗದಂತೆ ಹಾಕಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಮದುವೆಯಾಗಿ ಹತ್ತು ವರ್ಷವಾದರೂ ನನ್ನ ದನಿ ಪಕ್ಕದ ಮನೆಗೆ ಕೇಳಿರಲಿಲ್ಲ. ಆವತ್ತು ಕೇಳಿತು.

"ಯಾರ ಬಾಕಿ? ಯಾವ ಬಾಕಿ? ನಾ ಈಗ ಹೋಗಿ ಬರ್ತೀನಿ. ನಾ ಬರೂತನಕ ಯಂತ್ರ ಯಾರಿಗೂ ಕೊಡಬ್ಯಾಡ್ರಿ!"

ಅವರು ಛತ್ರಿ ಬಿಡಿಸಿಕೊಂಡು ಸಂತೆಯ ಕಡೆ ನಡೆದರು. ಮಗಳನ್ನು ಪಕ್ಕದ ಮನೆಯ ಗೌಡರ ಹೆಂಡತಿಯ ಬಳಿ ಬಿಟ್ಟು ಲಿಂಗಸುಗೂರಿನ ಬಸ್ಸು ಹಿಡಿದೆ.

ವರ್ಗಾವಣೆಯ ನೌಕರಿಯವರಿಗೆ ಬಂದ ಊರಲ್ಲಿ ಹೊಲವಿಲ್ಲ, ಬೀಗರಿಲ್ಲ, ಅಜ್ಜನ ಹೆಸರು ಹೇಳಿದರೆ ಗುರುತಿಸುವವರಿಲ್ಲ. ಅಂಗಡಿಯವನ ಬಾಯಲ್ಲಿ ನಮಗಿರುವ ಪತ್ತೇ ನಮ್ಮ ಹೊಲ, ನಮ್ಮ ಬಳಗ. ಲಿಂಗಸುಗೂರಿನಲ್ಲಿ ಮಗಳಿಗೆ ಜ್ವರ ಏರಿದಾಗ ಮನೆಯಲ್ಲಿ ಬಿಡಿಗಾಸಿರಲಿಲ್ಲ. "ಆ ಮನಿಯವರಿಗೆ ಕೊಡ್ರಿ, ಚಲೋ ಮಂದಿ" ಎಂದು ಇದೇ ಅಂಗಡಿಯ ಸಾಹುಕಾರ ಹೇಳಿದ್ದಕ್ಕೆ ಕಂಪೌಂಡರ್ ಔಷಧಿ ಕೊಟ್ಟಿದ್ದ. ಸೀಮೆಎಣ್ಣೆ ಸಿಗದ ದಿನಗಳಲ್ಲೂ ನಮ್ಮ ಬಾಟಲಿ ಖಾಲಿ ಮರಳಿರಲಿಲ್ಲ. ಆ ಮಾತನ್ನು ನಾನು ತಿಂಗಳು ತಿಂಗಳೂ ಗಳಿಸಿದ್ದೆ. ಸೀರೆ ಬೇಡವೆಂದು ಗಳಿಸಿದ್ದೆ. ಹಬ್ಬಕ್ಕೆ ಹೋಳಿಗೆಯ ಬದಲು ಪಾಯಸ ಮಾಡಿ ಗಳಿಸಿದ್ದೆ.

ಸಾಹುಕಾರ ಗಾದಿಯ ಮೇಲಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತ.

"ಬರ್ರಿ ಅಕ್ಕಾರ, ಬರ್ರಿ. ಭಾಳ ದಿನದ ಮ್ಯಾಲೆ! ನೀರು ತಗೋರಿ."

"ನೀರು ಬ್ಯಾಡ. ನಾವು ಬಾಕಿ ಉಳಿಸೀವಂತ?"

"ಛೆ ಛೆ, ಯಾರಂದ್ರು?"

"ನೀವ ಅಂದೀರಿ."

ಅವನು ಕೆಂಪು ಬಟ್ಟೆಯ ಪುಸ್ತಕ ತೆಗೆದ. ಶಾಯಿ ಹತ್ತಿದ ಹೆಬ್ಬೆರಳು ನಮ್ಮ ಕೊನೆಯ ತಿಂಗಳ ಮೇಲೆ ನಿಂತಿತು.

"ಮೂವತ್ತಾರು ಕಲ್ದಾರ ಆಗಿತ್ರಿ. ನೀವು ಕೊಟ್ಟಿದ್ದು ಮೂವತ್ತಾರು ಹಾಲಿ."

ನನಗೆ ಆಗ ತಿಳಿಯಿತು. ನಿಜಾಮನ ಆಳ್ವಿಕೆ ಮುಗಿದಿದ್ದರೂ ಅವನ ಹಾಲಿ ರೂಪಾಯಿ ಇನ್ನೂ ಚಲಾವಣೆಯಲ್ಲಿತ್ತು. ಜೊತೆಗೆ ಹಿಂದೂಸ್ಥಾನದ ಕಲ್ದಾರ ರೂಪಾಯಿಯೂ ಬಂದಿತ್ತು. ಆರು ಕಲ್ದಾರಕ್ಕೆ ಏಳು ಹಾಲಿ. ಸಂಬಳ ಹಾಲಿಯಲ್ಲಿ ಬರುತ್ತಿತ್ತು, ನಾನು ಹಾಲಿಯಲ್ಲೇ ಕೊಟ್ಟಿದ್ದೆ. ನಲವತ್ತೆರಡು ಕೊಡಬೇಕಾದಲ್ಲಿ ಮೂವತ್ತಾರು.

"ಯಾವಾಗಿಂದ ಕಲ್ದಾರದಾಗ ಬರಿಯಾಕತ್ತೀರಿ?"

"ನೀವು ಊರು ಬಿಟ್ರೆಲ್ರಿ, ಅದ ತಿಂಗಳ ದೀಪಾವಳಿಗೆ ಹೊಸ ಪುಸ್ತಕ ಪೂಜಾ ಮಾಡಿದಾಗಿಂದ್ರಿ. ಮಾಲೆಲ್ಲಾ ಬಳ್ಳಾರಿ ಕಡಿಂದ ಬರ್ತೈತೆಲ್ರಿ, ಅಲ್ಲಿ ಕಲ್ದಾರನ ನಡಿಯೂದು."

"ನನಗ್ಯಾಕ ಹೇಳಲಿಲ್ಲ? ನನ್ನ ಕೈಯಾಗಿಂದ ರೊಕ್ಕ ತಗೊಂಡೀರಿ, ಎಣಿಸೀರಿ, ಎಲಿ ಅಡಿಕಿ ಕೊಟ್ಟು ಕಳಿಸೀರಿ!"

ಅವನು ನೊಂದವನಂತೆ ಕಂಡ. "ಹೆಣ್ಮಕ್ಕಳ ಮುಂದ ಬಾಕಿ ಮಾತು ತೆಗಿಯೂದು ಚಂದ ಅಲ್ರಿ. ನಮ್ಮಪ್ಪನೂ ತೆಗೀಲಿಲ್ಲ, ನಾನೂ ತೆಗದಿಲ್ಲ. ನಿಮ್ಮ ಸಾಹೇಬ್ರಿಗೆ ಹೇಳಿದ್ನೆಲ್ರಿ, ಬಸ್‌ಸ್ಟ್ಯಾಂಡಿನಾಗ."

"ಸಿಂಧನೂರಿನಾಂವ ಬಂದು ಕೇಳಿದಾಗ ಹೇಳೂದು ಮಾತ್ರ ಚಂದೇನ್ರಿ?"

"ಅಂವ ವ್ಯವಹಾರಕ್ಕ ಕೇಳ್ಯಾನ್ರಿ. ವ್ಯವಹಾರದಾಗ ಸುಳ್ಳು ಹೇಳಬಾರ್ದು."

ಬೆಲ್ಲ ಕೊಳ್ಳಲು ನಿಂತಿದ್ದ ಮುದುಕನೊಬ್ಬ, ಮಾತು ಖರೆ ಎನ್ನುವಂತೆ ತಲೆಯಾಡಿಸಿದ. ಸಾಹುಕಾರ ಕಳ್ಳನಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಮರ್ಯಾದಸ್ಥ. ಆ ಮರ್ಯಾದೆಯಿಂದಲೇ ನನ್ನ ಐದು ವರ್ಷವನ್ನು ಒರೆಸಿ ಹಾಕಿದ್ದ. ಬಾಕಿ ಇದೆಯೆಂದು ಊರಿಗೆ ಗೊತ್ತು, ಗಂಡನಿಗೆ ಗೊತ್ತು, ಸಿಂಧನೂರಿಗೂ ಗೊತ್ತು. ಕೊಡುವ ನನಗೆ ಮಾತ್ರ ಗೊತ್ತಿಲ್ಲ!

ಸೆರಗಿನ ಗಂಟು ಬಿಚ್ಚಿ ಆರು ರೂಪಾಯಿ ಹಾಲಿ ಎಣಿಸಿ ಇಟ್ಟೆ. ಬಾಕಿ ಇಲ್ಲವೆಂದು ಚೀಟಿ ಬರೆಸಿಕೊಂಡೆ. ಅವನು ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿದ. ಮುಟ್ಟದೆ ಬಂದೆ.

ಮಸ್ಕಿಯಲ್ಲಿ ಇಳಿದಾಗ ಸಂತೆ ಚೆದರುತ್ತಿತ್ತು. ಏಜೆಂಟರು ಹಗ್ಗ ಸುತ್ತುತ್ತಿದ್ದರು. ಪಕ್ಕದಲ್ಲಿ ಯಂತ್ರವಿರಲಿಲ್ಲ, ಯಂತ್ರ ಕಟ್ಟಿ ತಂದ ಹುಲ್ಲು ಮಾತ್ರ ಬಿದ್ದಿತ್ತು.

"ತುರ್ವಿಹಾಳದ ದರ್ಜಿ ಒಯ್ದಾನ್ರಿ," ಎಂದರು. ಚೀಟಿಯನ್ನು ಎರಡು ಸಲ ಓದಿದರು. "ಚೀಟಿ ಖರೆ ಐತ್ರಿ, ಅಕ್ಕಾರ. ಆದ್ರ ಬಾಕಿ ತೀರಿದ್ದು ಇವತ್ತು. ವರ್ಷದ ಮ್ಯಾಲೆ ನಿಂತಿತ್ತೆಲ್ರಿ, ಅದು ಹೋಗಂಗಿಲ್ಲ. ದೀಪಾವಳಿ ಆಗಲಿ, ಆವಾಗ ನೋಡೂಣ್ರಿ."

ದೀಪಾವಳಿ. ಜೂನ್ ಕಳೆದು ಐದು ತಿಂಗಳಿಗೆ ದೀಪಾವಳಿ. ಕೊಟ್ಟರೂ ಹೋಗದ ಬಾಕಿಯೊಂದಿದೆ ಎಂದು ಯಾವ ಸಿಸ್ಟರೂ ನನಗೆ ಕಲಿಸಿರಲಿಲ್ಲ.

ನಮ್ಮ ಮನೆಯವರು ಬಂದು ಕೋಟು ಗೂಟಕ್ಕೆ ಹಾಕುವಾಗಲೇ ಕೇಳಿದೆ. "ಲಿಂಗಸುಗೂರಿನ ಸಾಹುಕಾರ ನಿಮಗ ಬಾಕಿ ಮಾತು ಹೇಳಿದ್ರಂತಲ್ಲ?"

ಅವರು ಯೋಚಿಸಿದರು. "ಹೂಂ, ಊರು ಬಿಡೂ ದಿನ ಏನೋ ಅಂದಂಗಿತ್ತು. ಆರು ರೂಪಾಯಿ ಏನು ದೊಡ್ಡದಂತ ಬಿಟ್ಟೆ."

"ದೊಡ್ಡದಲ್ರಿ. ನಿಮ್ಮ ಮಗಳ ಸಾಲಿ ಅಷ್ಟರಾಗ ಇತ್ತು."

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಅವರು ಪಾಪ ಅನ್ನುತ್ತಿದ್ದರು, ಆ ಪಾಪ ಎನ್ನುವ ಮಾತನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಕೊಡ ತೆಗೆದುಕೊಂಡು ಹೊರಗೆ ಬಂದೆ.

ಗೌಡರ ಹೆಂಡತಿ ಮಗಳ ಕೈ ಹಿಡಿದುಕೊಂಡು ನಮ್ಮ ಕಟ್ಟೆಯ ಕಡೆಗೇ ಬರುತ್ತಿದ್ದರು. ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಅವರು ಮಗಳ ಬಿಚ್ಚಿದ ರಿಬ್ಬನ್ನು ನನ್ನ ಕೈಗಿತ್ತು ನಕ್ಕರು.

"ಅಯ್ಯ ತಂಗಿ, ಆರು ರೂಪಾಯಿಗೆ ಬಸ್ಸು ಹತ್ತಿದ್ಯಾ? ನಮ್ದು ಅದ ಅಂಗಡ್ಯಾಗ ಮೂರು ವರ್ಷದ್ದು ಹಂಗ ಐತಿ. ಮೊನ್ನಿ ಸಾಹುಕಾರ ಮಗಳ ಲಗ್ನಕ್ಕ ಕರಿಯಾಕ ಬಂದಿದ್ದ ನೋಡು, ಬಾಕಿ ಸುದ್ದೀನ ತೆಗೀಲಿಲ್ಲ."