ನೈಟಿಯ ಮೇಲೊಂದು ಟವೆಲ್

ನಮ್ಮ ಸಿಂಧನೂರಿನಲ್ಲಿ ಹೆಂಗಸರ ಮಾನ ಕಾಯುವ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಟವೆಲ್ ಎನ್ನುತ್ತೇನೆ. ಮೈಮೇಲೆ ನೈಟಿ ಇದ್ದಾಗ ಬಾಗಿಲಿಗೆ ಹಾಲಿನವನು ಬರಲಿ, ತರಕಾರಿ ಗಾಡಿ ಬರಲಿ, ಎದುರು ಮನೆಯವರು ಕೊತ್ತಂಬರಿ ಕೇಳಲು ಬರಲಿ, ಕೈಗೆ ಸಿಕ್ಕ ಟವೆಲ್ಲನ್ನು ಹೆಗಲ ಮೇಲೆ ಎಳೆದುಕೊಂಡರೆ ಮುಗಿಯಿತು. ಆ ಟವೆಲ್ ಒದ್ದೆಯಿದ್ದರೂ ಸರಿ, ಆಗಷ್ಟೇ ಗಂಡ ಮುಖ ಒರೆಸಿಕೊಂಡು ಎಸೆದದ್ದಾದರೂ ಸರಿ, ಯಾರೂ ತಕರಾರು ಮಾಡುವುದಿಲ್ಲ. ಟವೆಲ್ ಇಲ್ಲದ ನೈಟಿ ಮಾತ್ರ ನಾಚಿಕೆಗೇಡು. ಈ ಕಾಯಿದೆ ಯಾರು ಮಾಡಿದರೋ ಗೊತ್ತಿಲ್ಲ, ನಮ್ಮ ಓಣಿಯಲ್ಲಿ ಅದನ್ನು ಮುರಿದವರನ್ನು ನಾನು ಕಂಡಿಲ್ಲ.

ನಾನೇನು ಒಮ್ಮೆಲೇ ಈ ಸ್ಥಿತಿಗೆ ಇಳಿದವಳಲ್ಲ. ಜವಳಗೇರಾದ ಶಾಲೆಯಲ್ಲಿ ಟೀಚರಾಗಿದ್ದ ಕಾಲಕ್ಕೆ ಗಂಜಿ ಹಾಕಿದ ಕಾಟನ್ ಸೀರೆ, ನೆರಿಗೆ ನೆರಿಗೆಗೂ ಪಿನ್ನು. ಭತ್ತದ ನಾಟಿ ಸಮಯದಲ್ಲಿ ಬಸ್ಸಿನ ತುಂಬ ಕೂಲಿಯವರು, ಅವರ ಬುತ್ತಿ ಗಂಟು. ಅದರ ನಡುವೆ ಒತ್ತಿಕೊಂಡು ನಿಂತು ಬಂದರೂ ಇಳಿಯುವಾಗ ನನ್ನ ನೆರಿಗೆ ನೆಟ್ಟಗೇ ಇರುತ್ತಿತ್ತು. ಹೆಡ್‌ಮಾಸ್ತರರಿಗೆ ಹೆದರದ ಮಕ್ಕಳು ನನ್ನ ಸೀರೆಯ ಚರಚರ ಸದ್ದಿಗೆ ಬಾಯಿ ಮುಚ್ಚುತ್ತಿದ್ದರು. ಆಮೇಲೆ ನಲವತ್ತು ದಾಟಿತು, ಗಂಜಿ ಹೋಯಿತು. ‘ಮೆತ್ತನೆ ಸೀರೆಯೇ ನನಗೆ ಒಪ್ಪುತ್ತದೆ’ ಎಂದೆ. ಐವತ್ತರ ಹತ್ತಿರ ಎತ್ತರದ ಹಿಮ್ಮಡಿಯ ಚಪ್ಪಲಿ ಹೋಗಿ ಡಾಕ್ಟರ್ ಚಪ್ಪಲಿ ಬಂತು. ನಿವೃತ್ತಿಯಾದ ಮೇಲೆ ಚೂಡಿದಾರ, ಅದೂ ಸೊಂಟಕ್ಕೆ ಎಲಾಸ್ಟಿಕ್ ಇದ್ದದ್ದು. ಮನೆಯೊಳಗೆ ನೈಟಿ. ಪ್ರತಿ ಸಲವೂ ಮಂಡಿನೋವಿನ ಹೆಸರು ಹೇಳಿದೆ. ಮಂಡಿ ಪಾಪ ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇತ್ತು.

ನಮ್ಮ ಯಜಮಾನರೂ ಇಸ್ತ್ರಿ ಪ್ಯಾಂಟಿನಿಂದ ಪೈಜಾಮಕ್ಕೆ, ಪೈಜಾಮದಿಂದ ಲುಂಗಿಗೆ ಇಳಿದರು. ಅದನ್ನು ಯಾರೂ ಗಮನಿಸಲೇ ಇಲ್ಲ. ನಾನು ಚೂಡಿದಾರ ಹಾಕಿದ ದಿನ ಮಾತ್ರ ಅವರ ತಾಯಿ, ಅಂದರೆ ನಮ್ಮತ್ತೆ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್‌ಬೇ, ಮತ್ತ ಸಾಲಿಗೆ ಹೆಸರು ಹಚ್ಚಾಕ ಹೊಂಟೀಯೇನು?” ಎಂದರು.

ಅತ್ತೆಯವರಿಗೆ ಹಾಗೆ ಕೇಳುವ ಅಧಿಕಾರವಿತ್ತು. ಅವರು ಮಸ್ಕಿಯವರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ನಿದ್ದೆಯಲ್ಲಿ ಅವರು ಮಗ್ಗುಲು ಬದಲಿಸಿದರೂ ಸೆರಗು ಬದಲಿಸುತ್ತಿರಲಿಲ್ಲ. ಅವರಿಗೊಬ್ಬ ತಂಗಿ, ಲಿಂಗಸೂಗೂರಿಗೆ ಕೊಟ್ಟಿದ್ದಾರೆ. ನಮಗೆಲ್ಲ ಚಿಕ್ಕತ್ತೆ. ಚಿಕ್ಕವರಿದ್ದಾಗ ಅಕ್ಕತಂಗಿ ಇಬ್ಬರನ್ನೂ ಅವರ ತಾಯಿ ಹೊಸ್ತಿಲಲ್ಲಿ ನಿಲ್ಲಿಸಿ, ಉಟ್ಟದ್ದನ್ನು ಪರೀಕ್ಷೆ ಮಾಡಿಯೇ ಹೊರಗೆ ಬಿಡುತ್ತಿದ್ದರಂತೆ. ತಾಯಿ ಹೋಗಿ ಎಷ್ಟೋ ಕಾಲವಾದರೂ ಆ ಪರೀಕ್ಷೆ ಮುಗಿದಿರಲಿಲ್ಲ. ಇವರು ಅವರನ್ನು, ಅವರು ಇವರನ್ನು ಪಾಸು-ಫೇಲು ಮಾಡುತ್ತಿದ್ದರು. ಚಿಕ್ಕತ್ತೆ ನಮ್ಮ ಮನೆಗೆ ಬಂದರೆ ಮೊದಲು ಅಕ್ಕನ ನೆರಿಗೆ ನೋಡಿ, ಆಮೇಲೆ ಮುಖ ನೋಡಿ, ಕೊನೆಗೆ ಕಾಲಿಗೆ ಬೀಳುವರು.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೂ ಸೀರೆಯ ಗಂಟು ಬಿಗಿಯುವಷ್ಟು ಬಲ ಆ ಕೈಗೆ ಬರಲಿಲ್ಲ. ನಾನೇ ಉಡಿಸತೊಡಗಿದೆ. “ಹೆಣಕ್ಕ ಸುತ್ತಿದಂಗ ಸುತ್ತೀಯಲ್ಲಬೇ” ಎಂದು ದಿನಾ ಬೈಸಿಕೊಂಡೆ. ಬೇಸಿಗೆ ಬಂತು. ಕಾಲುವೆಗೆ ನೀರು ಬರುವುದು ನಿಂತು, ಊರೆಲ್ಲ ಕಾದ ಹಂಚಾಗಿದ್ದ ಒಂದು ಮಧ್ಯಾಹ್ನ ಅವರೇ ಒಳಗಿನಿಂದ ಕೂಗಿದರು. “ಆ ನಿನ್ನ ಚೀಲ ಒಂದ್ ಕೊಡಿಲ್ಲಿ.”

ಚೀಲ ಎಂದರೆ ನೈಟಿ. ಹಾಕಿಕೊಂಡು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತವರು ಸಂಜೆಯವರೆಗೆ ಏಳಲಿಲ್ಲ. ಮರುದಿನ ಇನ್ನೊಂದು ಬೇಕೆಂದರು. ವಾರದೊಳಗೆ ಅದಕ್ಕೆ ಎಲೆ-ಅಡಿಕೆ ಇಡಲು ಕಿಸೆ ಬೇಕೆಂದರು. ಆರ್.ಎಚ್. ಕ್ಯಾಂಪಿನಿಂದ ಬರುವ ಟೇಲರಮ್ಮನ ಕಡೆ ನಾನು ಕಿಸೆ ಹೊಲಿಸಿಕೊಟ್ಟೆ. ಷರತ್ತು ಒಂದೇ: ಹೊರಗಿನ ಯಾರಿಗೂ ಗೊತ್ತಾಗಬಾರದು.

ಅಲ್ಲಿಂದ ನಮ್ಮ ಮನೆಯಲ್ಲಿ ನಾಟಕ ಶುರುವಾಯಿತು. ಗೇಟು ಸದ್ದಾದರೆ ಅತ್ತೆ ಒಳಕೋಣೆಗೆ ಓಡಿ, ಅಂಥ ಸುಡುಬೇಸಿಗೆಯಲ್ಲೂ ಕತ್ತಿನವರೆಗೆ ಕೌದಿ ಹೊದ್ದು ಮಲಗಿಬಿಡುವರು. ನಾನು ಬಂದವರಿಗೆ, “ಅತ್ತಿಗೆ ಅಷ್ಟು ಆರಾಮಿಲ್ಲರೀ” ಎನ್ನಬೇಕು. ಊರಲ್ಲಿ ಸುದ್ದಿ ಹಬ್ಬಿತು. ಜನ ಮುಖ ಸಣ್ಣ ಮಾಡಿಕೊಂಡು ಬ್ರೆಡ್ಡು, ಮೋಸಂಬಿ ಹಿಡಿದು ನೋಡಲು ಬಂದರು. ಅವರು ಹೋದ ಮೇಲೆ ಅತ್ತೆ ಕೌದಿ ಎಸೆದು, ಬೆವರು ಒರೆಸಿಕೊಂಡು, ಆ ಮೋಸಂಬಿಯನ್ನು ಸುಲಿದು ತಿನ್ನುತ್ತ, “ಹುಳಿ ಅದಾವ, ನೋಡಿ ತರಬಾರದೇನು” ಎನ್ನುವರು.

ನಗು ಬರುವುದು ಇಲ್ಲಿಯವರೆಗೆ ಮಾತ್ರ. ಏಕೆಂದರೆ ತಂಗಿಯ ಮನೆಗೆ ಹೋಗುವುದೂ ನಿಂತಿತು. ಚಿಕ್ಕತ್ತೆ ಫೋನಿನಲ್ಲಿ “ಬಾರಕ್ಕಾ” ಎಂದರೆ ಇವರು “ನೀನೇ ಬಾರಬೇ, ನನಗ ಕೈ ನೋವು” ಎನ್ನುವರು. ಅವರೂ ಬರಲಿಲ್ಲ. ಪಂಚಮಿ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಒಡಹುಟ್ಟಿದವರಲ್ಲಿ ಉಳಿದವರು ಇವರಿಬ್ಬರೇ. ಫೋನು ಇಟ್ಟ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ನೈಟಿಯಲ್ಲೇ ಹೋಗೋಣ ಬನ್ನಿ ಎಂದರೆ ನನ್ನ ಮೇಲೆ ಹರಿಹಾಯುವರು. “ಆಕಿ ಮುಂದ ಈ ಚೀಲ ಹಾಕ್ಕೊಂಡು ನಿಲ್ಲಲೇನು? ಅದಕ್ಕಿಂತ ಹೋಗದಿರೂದ ಪಾಡ.”

ಒಂದು ದಿನ ಚಿಕ್ಕತ್ತೆಯ ಗಂಡ, ನಮ್ಮ ಚಿಕ್ಕ ಮಾವನವರ ಫೋನು ಬಂತು. “ಆಕಿಗೆ ಉಸಿರಿಗೆ ತ್ರಾಸ ಆಗಿತ್ತು. ದವಾಖಾನ್ಯಾಗ ಇಟ್ಟಿದ್ವಿ. ಈಗ ಮನಿಗೆ ಬಂದಾಳ, ಗಾಬರಿ ಆಗಬ್ಯಾಡ್ರಿ” ಎಂದರು. ಅತ್ತೆ ಫೋನು ಹಿಡಿದುಕೊಂಡೇ ಅತ್ತುಬಿಟ್ಟರು. “ಆಕಿ ಹೋದ್ರ ನಾ ಯಾರ ಕೂಡ ಜಗಳಾಡ್ಲಿಬೇ?”

ನಾಳೆಯೇ ಹೋಗಬೇಕು ಎಂದಾಯಿತು. ಸೀರೆ ಉಟ್ಟೇ ಹೋಗಬೇಕು ಎಂದೂ ಆಯಿತು. ಕುಬಸದ ಗುಂಡಿ ಕೂಡುವುದಿಲ್ಲ, ಪರಕರದ, ಅಂದರೆ ಒಳಲಂಗದ, ಲಾಡಿ ಹೊಟ್ಟೆಗೆ ಒತ್ತುತ್ತದೆ. ಕೊನೆಗೆ ದಾರಿ ಸಿಕ್ಕಿತು. ನೈಟಿ ಹಾಗೇ ಇರಲಿ, ಅದರ ತೋಳೇ ಕುಬಸ, ಕೆಳಗಿನದೇ ಪರಕರ, ಮೇಲೆ ಸೀರೆ ಸುತ್ತಿ ಪಿನ್ನು ಚುಚ್ಚುವುದು. ಎಷ್ಟೋ ವರ್ಷ ಮೂಲೆಗೆ ಬಿದ್ದಿದ್ದ ನನ್ನ ಪಿನ್ನಿನ ಡಬ್ಬಿ ಹೊರಬಂತು. ಸೆರಗನ್ನು ಕತ್ತಿನ ಸುತ್ತ ತಂದು ನೈಟಿಯ ಹೂವು ಕಾಣದಂತೆ ಮುಚ್ಚಿದೆ. ನಾನು ಚೂಡಿದಾರ ಹಾಕಿಕೊಂಡು ಬಂದರೆ ಅತ್ತೆ ಅದಕ್ಕೂ ಒಪ್ಪಲಿಲ್ಲ. “ಆ ಚಡ್ಡ್ಯಾಗ ನಿನಗ ಉಡಿ ಎಲ್ಲಿ ತುಂಬ್ತಾಳ ಆಕಿ?” ಎಂದರು. ಮಾತು ಸರಿಯೇ. ನಮ್ಮ ಕಡೆ ಸೊಸೆಯನ್ನು ಅಕ್ಕಿ, ಕೊಬ್ಬರಿ, ರವಿಕೆ ಕಣ ಸೆರಗಿಗೆ ಹಾಕಿ ಉಡಿ ತುಂಬದೆ ಕಳಿಸುವುದಿಲ್ಲ. ಚೂಡಿದಾರದ ವೇಲಿಗೆ ಹಾಕಿದರೆ ಕೊಬ್ಬರಿ ನೆಲಕ್ಕೆ ಉರುಳುತ್ತದೆ, ಒಮ್ಮೆ ಅನುಭವವಾಗಿದೆ. ನಾನೂ ಸೀರೆ ಉಟ್ಟೆ.

ಯಜಮಾನರು ಕಾರು ಓಡಿಸಿದರು. ಮಸ್ಕಿ ಬಸ್‌ಸ್ಟ್ಯಾಂಡ್ ಹತ್ತಿರ ಚಹಾಕ್ಕೆ ನಿಲ್ಲಿಸಿದರೆ ಅತ್ತೆ ಇಳಿಯಲಿಲ್ಲ. ಸೀಟಿನಲ್ಲಿ ಕೆಳಗೆ ಸರಿದು ಮುಖದ ಮೇಲೆ ಸೆರಗು ಎಳೆದುಕೊಂಡು, “ತವರಮನಿ ಊರು. ಯಾರರ ನೋಡ್ಯಾರು, ಗಾಡಿ ಬಿಡೋ” ಎಂದು ಮಗನನ್ನು ಗದರಿಸಿದರು. ಚಹಾ ಅರ್ಧ ಲೋಟದಲ್ಲೇ ಉಳಿಯಿತು.

ಲಿಂಗಸೂಗೂರಿನ ಮನೆಯ ಕಟ್ಟೆಯ ಮೇಲೆ ಚಿಕ್ಕ ಮಾವನವರು ತೂತು ಬಿದ್ದ ಬನಿಯನ್, ಪಟ್ಟಾಪಟ್ಟಿ ಚಡ್ಡಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳುತ್ತಿದ್ದರು. ಓಣಿಯೇ ಅವರಿಗೆ ವಾಪಸು ನಮಸ್ಕಾರ ಹೇಳುತ್ತಿತ್ತು. ಒಳಗೆ ಚಿಕ್ಕತ್ತೆ ಕುರ್ಚಿಯಲ್ಲಿ, ದವಾಖಾನೆಯಿಂದ ಬಂದವರು, ದಪ್ಪ ಜರಿಯ ರೇಷ್ಮೆ ಸೀರೆ ಉಟ್ಟು ನೆಟ್ಟಗೆ ಕೂತಿದ್ದರು. ಅಕ್ಕತಂಗಿ ಒಬ್ಬರನ್ನೊಬ್ಬರು ಮೊದಲು ಕೆಳಗಿಂದ ಮೇಲಕ್ಕೆ ನೋಡಿದರು.

“ಭಾಳ ಸೊರಗೀದಿ ಅಂದಿದ್ರು, ಚಲೋ ಅದೀಯಲ್ಲಬೇ,” ಎಂದರು ಅತ್ತೆ.

“ನಿನ್ನ ಕೈ ಪೂರ್ತಾ ವಾಸಿ ಆಗೈತಲ್ಲಕ್ಕಾ, ನೆರಗಿ ಎಷ್ಟ್ ಚಂದ ಹಿಡದೀದಿ,” ಎಂದರು ಚಿಕ್ಕತ್ತೆ.

ಅಲ್ಲಿಗೆ ಮಾತು ಮುಗಿಯಿತು. ಕರೆಂಟು ಹೋಗಿತ್ತು. ಇಬ್ಬರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು. ತುಸು ಅಡ್ಡಾಗಿ ಎಂದರೆ ಇಬ್ಬರೂ ಬೇಡ ಎಂದರು. ವರ್ಷವೆಲ್ಲ ಕೂಡಿಟ್ಟ ಮಾತಿಗೆ ಬಂದವರು ಫೋಟೋ ತೆಗೆಸಿಕೊಳ್ಳುವವರ ಹಾಗೆ ಎದುರುಬದುರು ಕೂತಿದ್ದರು. ಅತ್ತೆ ಸ್ವಲ್ಪ ಹೊತ್ತಿಗೆ, “ಇನ್ನ ಹೊಂಡೂಣು, ಬಿಸಲು ಏರತೈತಿ” ಎಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಇದಕ್ಕಾಗಿ ಇಷ್ಟು ಅತ್ತರೇ? ಆದರೆ ಸೊಸೆ ಏನು ಹೇಳಿಯಾಳು, ಸೆರಗೊಡ್ಡಿ ಉಡಿಗೆ ನಿಂತೆ.

ಚಿಕ್ಕತ್ತೆ ಕಷ್ಟಪಟ್ಟು ಎದ್ದು ತಾಟು ಹಿಡಿದು ಬಂದರು. ಅಕ್ಕಿ ಹಾಕಿದರು, ಕಣ ಇಟ್ಟರು. ಕೊಬ್ಬರಿ ಹಾಕಲು ಬಗ್ಗುವಾಗ ತಮ್ಮ ನೆರಿಗೆಯನ್ನು ತಾವೇ ತುಳಿದರು. ಅಷ್ಟು ದೊಡ್ಡ ರೇಷ್ಮೆ ಸೀರೆ ಸರ್ರೆಂದು ಜಾರಿ ಕಾಲ ಸುತ್ತ ಬಿತ್ತು. ಒಳಗೆ ಪರಕರವಿರಲಿಲ್ಲ. ಗುಲಾಬಿ ಹೂವಿನ ನೈಟಿ ಇತ್ತು.

ಬಾಗಿಲಲ್ಲಿ ನಿಂತಿದ್ದ ಚಿಕ್ಕ ಮಾವನವರೇ ಬಾಯಿ ಬಿಟ್ಟರು. “ಬೆಳಿಗ್ಗಿಂದ ನಾನ ಸುತ್ತಿ ಸುತ್ತಿ ಕಟ್ಟೀನಿ. ಎತ್ತು ಕಟ್ಟಿದ ಕೈ ಇದು, ಸೀರಿ ಗಂಟು ನನಗೇನ್ ತಿಳೀತೈತಿ? ಹೋದ ಪಂಚಮಿಯಿಂದ ಆಕಿ ಕಾಲು ಬಾತಾವ, ಸೊಂಟಕ್ಕ ಏನೂ ತಡಿಯಂಗಿಲ್ಲ. ಇದನ್ನ ಹಾಕ್ಕೊಂಡು ಹೋಗಬೇ ಅಂದ್ರ, ಅಕ್ಕ ಏನಂದಾಳು ಅಂತ ಮನಿ ಬಿಟ್ಟು ಹೊರಗ ಬಂದಿಲ್ಲ.”

ಚಿಕ್ಕತ್ತೆ ತಾಟನ್ನು ಎದೆಗೆ ಅಡ್ಡ ಹಿಡಿದುಕೊಂಡರು. ಕಣ್ಣು ತುಂಬಿತ್ತು. “ಅಕ್ಕಾ, ನೋಡಬ್ಯಾಡ,” ಎಂದರು.

ಅತ್ತೆ ನೋಡುತ್ತಲೇ ಇದ್ದರು. ಆಮೇಲೆ ತಮ್ಮ ಹೆಗಲಿನ ಪಿನ್ನಿಗೆ ಕೈ ಹಾಕಿದರು. ಬಲವಿಲ್ಲದ ಬೆರಳಿಗೆ ಅದು ಬಿಚ್ಚಲಿಲ್ಲ. “ಏನ್ ನಿಂತು ನೋಡಾಕತ್ತೀ, ಬಿಚ್ಚಬೇ ಇದನ್ನ!” ಎಂದು ನನ್ನ ಮೇಲೆ ರೇಗಿದರು. ಉಡಿಯ ಅಕ್ಕಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಾನು ಒಂದೊಂದಾಗಿ ಪಿನ್ನು ತೆಗೆದೆ. ಇಳಕಲ್ ಸೀರೆ ಹೋಗಿ ರೇಷ್ಮೆಯ ಮೇಲೆ ಬಿತ್ತು. ಅತ್ತೆ ನೈಟಿಯ ಕಿಸೆಯಿಂದ ಎಲೆ-ಅಡಿಕೆ ತೆಗೆದು ತಂಗಿಯ ಮುಂದೆ ಹಿಡಿದರು.

“ನಿಂದಕ್ಕ ಕಿಸೆ ಐತೇನಕ್ಕಾ?” ಎಂದರು ಚಿಕ್ಕತ್ತೆ, ಅಳುವಿನ ನಡುವೆಯೇ. “ನನಗೂ ಒಂದ್ ಹೊಲಿಸಿಕೊಡಬೇ.”

ಆಮೇಲೆ ಇಬ್ಬರೂ ಒಂದೇ ಮಂಚದ ಮೇಲೆ ಕಾಲು ಚಾಚಿದರು. ನಕ್ಕರು, ಅತ್ತರು, ಸತ್ತವರನ್ನು ಬೈದರು, ಇದ್ದವರನ್ನೂ ಬಿಡಲಿಲ್ಲ. ಊಟವಾದರೂ ಮಾತು ಮುಗಿಯಲಿಲ್ಲ. ಇಡೀ ಮನೆಯಲ್ಲಿ ಸೀರೆ ಉಟ್ಟು ಬೆವರುತ್ತಿದ್ದವಳು ನಾನೊಬ್ಬಳೇ, ಚೂಡಿದಾರ ಹಾಕಿ ಶಾಲೆಗೆ ಹೆಸರು ಹಚ್ಚಲು ಹೊರಟವಳು ಎನಿಸಿಕೊಂಡಿದ್ದವಳು. ಹಾಗೆಂದು ಹೇಳಿದರೆ ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ನನಗೂ ಅಂದು ಸೀರೆ ಅಷ್ಟೇನೂ ಚುಚ್ಚಲಿಲ್ಲ. ಅವರನ್ನು ನೋಡುತ್ತ ಬಹಳ ಸಂತೋಷವಾಗಿತ್ತು.

ಹೊರಡುವಾಗ ಚಿಕ್ಕತ್ತೆ ಅಕ್ಕನ ಹೆಗಲಿಗೆ ಒಂದು ಹೊಸ ಟವೆಲ್ ಹೊದಿಸಿದರು. ಅತ್ತೆ ಹಾಗೇ ಕಾರು ಹತ್ತಿದರು. ಸೀರೆ ಚೀಲದಲ್ಲಿತ್ತು.

ಮಸ್ಕಿ ಬಂದಾಗ ಅವರೇ, “ನಿಲ್ಲಸೋ, ಚಹಾ ಕುಡಿಯೂಣು” ಎಂದರು. ಬಾಗಿಲು ತೆಗೆದು ಇಳಿದು, ಟವೆಲ್ ಸರಿಪಡಿಸಿಕೊಂಡು, ತವರೂರಿನ ಬಸ್‌ಸ್ಟ್ಯಾಂಡಿನ ಮುಂದೆ ಹೂವಿನ ನೈಟಿಯಲ್ಲಿ ನಿಂತರು. ನಾನು ಆಚೀಚೆ ನೋಡಿದೆ. ಸಂತೆ ಚೀಲ ಹಿಡಿದವರು, ಟಂಟಂ ಹತ್ತುವವರು, ಮೊಬೈಲ್ ನೋಡುತ್ತ ನಡೆಯುವವರು ಹಾದುಹೋದರು. ಅವರ ಓಣಿಯ ಹಳೇ ಪರಿಚಯದ ಮುದುಕಿಯೊಬ್ಬಳು ಎದುರಿಗೇ ಬಂದು, “ಆರಾಮೇನಬೇ? ಕೈಗೆ ಏನೋ ಆಗಿತ್ತಂತ?” ಎಂದು ಕೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೋಗಿಯೇಬಿಟ್ಟಳು. ಅವಳ ಹೆಗಲ ಮೇಲೂ ಟವೆಲ್ ಇತ್ತು.

ಅತ್ತೆ ಚಹಾದ ಲೋಟ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಕಾದರು. ಯಾರಾದರೂ ಏನಾದರೂ ಅನ್ನಲಿ ಎಂದು ಕಾದಂತಿತ್ತು. ಕೊನೆಗೆ ನನ್ನ ಕಡೆ ತಿರುಗಿದರು.

“ಯಾರೂ ನೋಡ್ಲೇ ಇಲ್ಲಲ್ಲಬೇ.”

“ಇಲ್ರೀ ಅತ್ತಿ.”

“ಮತ್ತ ನಾವಿಬ್ರೂ ಒಂದ್ ವರ್ಷ ಯಾರಿಗೆ ಹೆದರಿ ಒಳಗ ಕುಂತಿದ್ವಿ?”

ಅವರು ಲೋಟ ಕೆಳಗಿಟ್ಟು, ಟವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಂಡು, “ಆಕಿಗೆ ಫೋನ್ ಹಚ್ಚು” ಎಂದರು. “ಸೋಮವಾರ ಸಿಂಧನೂರಿಗೆ ಬಾ ಅನ್ನು. ಹೆಂಗ ಅದಾಳೋ ಹಂಗ ಬಾ ಅನ್ನು.”