ಬಂಡೆಯಡಿಯ ಹಾಲುಮನೆ

...ಅಥವಾ ಅದು ನಾರ್ತ್‌ವಿಲ್‌ನ ಮನೆಯಲ್ಲಲ್ಲ, ಅದಕ್ಕೂ ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ನಡೆದದ್ದೋ? ಇರಲಾರದು. ಅಪಾರ್ಟ್‌ಮೆಂಟಿಗೆ ಬೇಲಿ ಇರಲಿಲ್ಲ, ಮುದುಕರು ಫೋಟೊ ಕೊಟ್ಟದ್ದು ಬೇಲಿಯ ಮೇಲಿಂದ. ಬೇಲಿಯ ಮೇಲಿಂದ ಎಂದು ಈಗ ನಂಬಿಕೊಂಡಿದ್ದೇನೆ, ಅಷ್ಟೇ. ಇಸವಿ ಎರಡು ಸಾವಿರದ ಒಂದೋ ಎರಡೋ.

ಅವರು ನಮ್ಮ ಪಕ್ಕದ ಮನೆಯವರು. ಆಲ್ಪ್ಸ್ ಪರ್ವತದ ಕಣಿವೆಯೊಂದರ ರೈತರ ಮನೆಯಲ್ಲಿ ಹುಟ್ಟಿ, ಈ ದೇಶಕ್ಕೆ ಬಂದು, ವಿಕ್ಸಮ್‌ನ ಕಾರ್ಖಾನೆಯಲ್ಲಿ ಲೋಹದ ತಗಡು ಒತ್ತುವ ಅಚ್ಚು, ಅಂದರೆ ಡೈ, ತಯಾರಿಸಿ ನಿವೃತ್ತರಾದವರು. ನಾನು ಅಂಕಲ್ ಎನ್ನುತ್ತಿದ್ದೆ. ಫೋಟೊದಲ್ಲಿ ಅವರ ಊರಿನದೊಂದು ಮನೆಯಷ್ಟು ದೊಡ್ಡ ಬಂಡೆ. ಅದರ ಅಡಿಯ ಪೊಳ್ಳಿಗೆ ಗಾರೆಯಿಲ್ಲದ ಕಲ್ಲುಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು. ಒಳಗಿನ ಬಿರುಕಿನಿಂದ ಬೇಸಿಗೆಯಲ್ಲೂ ತಣ್ಣನೆ ಗಾಳಿ ಬರುತ್ತದೆ, ಅಗಲ ಬಾಯಿಯ ತಾಮ್ರದ ಪಾತ್ರೆಗಳಲ್ಲಿ ಹಾಲಿಟ್ಟರೆ ಕೆನೆ ದಪ್ಪಗೆ ಕಟ್ಟುತ್ತದೆ ಎಂದರು. ಬಂಡೆಯ ನೆತ್ತಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಹುಲ್ಲು ಬೆಳೆಸುತ್ತಿದ್ದರಂತೆ. ಅದನ್ನು ನಾನು ನಂಬಲಿಲ್ಲ. ಅದು ನಿಜವೆಂದು ಆಮೇಲೆ ಓದಿ ತಿಳಿಯಿತು. ಹಾಗಾಗಿ ನನ್ನ ಅನುಮಾನವನ್ನೂ ಪೂರ್ತಿ ನಂಬುವಂತಿಲ್ಲ.

ಊರಿನಲ್ಲೇ ಉಳಿದ ಅವರ ತಂಗಿ ಈಚೆಗೆ ಅಲ್ಲಿ ಆಲೂಗಡ್ಡೆ, ಚೀಸ್ ಇಡುತ್ತಿದ್ದರು. ದಾಯಾದಿಯೊಬ್ಬ ಬಂದು ಅದು ತನ್ನ ಮನೆಯವರದ್ದೆಂದು ಬೀಗ ಜಡಿದ. ಮೊದಲಿಂದ ಯಾರು ಬಳಸುತ್ತಿದ್ದರೆಂದು ತಿಳಿದ ಹಿರಿಯರಿಂದ ಬರೆಸಿಕೊಂಡು ಬಾ ಎಂದಿತು ಊರಿನ ಕಚೇರಿ. ತಂಗಿಗಿದ್ದ ಹಿರಿಯರು ಈ ಅಣ್ಣ ಒಬ್ಬರೇ. ಅಂಕಲ್‌ಗೆ ಈಗ ಉದ್ದಕ್ಕೆ ಬರೆಯಲು ಆಗುತ್ತಿರಲಿಲ್ಲ, ನನ್ನ ಬಳಿ ಕಂಪ್ಯೂಟರಿತ್ತು.

"ಬರಿ. ನಮ್ಮ ಕಾಲದಲ್ಲಿ ಆ ಬಂಡೆ ಕೆಳಗೆ ನಮ್ಮನೆ ಹಾಲು ಬಿಟ್ರೆ ಬೇರೇನೂ ಇಟ್ಟಿಲ್ಲ, ಯಾವತ್ತೂ" ಎಂದರು. ಅವರ ಇಂಗ್ಲಿಷನ್ನು ಈಗ ಕನ್ನಡ ಮಾಡುತ್ತಿದ್ದೇನೆ. ಒಂದಷ್ಟು ಇಲ್ಲೇ ಸೋರಿಹೋಗಿರಬಹುದು.

ನನ್ನ ಹೆಂಡತಿ ಗದಗಿನ ಕಡೆಯವಳು, ಹಾಲು ಮಾರುವ ಮನೆಯಲ್ಲಿ ಬೆಳೆದವಳು. ಬೀನ್ಸ್ ಹೆಚ್ಚುವುದು ಬಿಟ್ಟು ಫೋಟೊ ನೋಡಿದಳು.

"ಬಾಗಲಾ ಮ್ಯಾಲಿನ ಕಲ್ಲ ನೋಡ್ರಿ. ಮಸಿ ಹಿಡದೈತಿ."

"ನೆರಳಿರಬೇಕು ಕಣೇ."

"ನೆರಳಂತ ನೆರಳು! ಮಸಿ ನನಗ ಗೊತ್ತಾಗಂಗಿಲ್ಲೇನು? ಹಾಲಿಡೂ ಜಾಗಾದಾಗ ಯಾರರ ಒಲಿ ಹಚ್ತಾರೇನ್ರಿ? ಹೊಗಿ ವಾಸನಿ ಹಿಡದ್ರ ಬೆಕ್ಕು ಸೈತ ಮೂಸಂಗಿಲ್ಲ. ಅಲ್ಲಿ ಬ್ಯಾರೆ ಯಾರೋ ಅಡಗಿ ಮಾಡ್ಯಾರ. ನಿಮ್ಮ ಅಂಕಲ್ ಏನೋ ಮುಚ್ಚಿಡಾಕತ್ತಾರ."

ಮರುದಿನ ಕೇಳಿದೆ. ಮಳೆ ನೀರು ಇಳಿದಲ್ಲಿ ಕಲ್ಲು ಕಪ್ಪಾಗುತ್ತದೆ ಎಂದರು. ಅದೂ ಆಗಬಹುದಾದ್ದೇ. ಎರಡು ದಿನ ಬಿಟ್ಟು ತಾವಾಗಿಯೇ ಬಂದು, ಒಮ್ಮೆ ಹಿಮ ಬಿದ್ದಾಗ ತಾತ ಬೆಂಕಿ ಹಾಕಿದ್ದರು ಎಂದರು.

"ಮೊನ್ನೆ ಮಳೆ ನೀರು ಅಂದ್ರಲ್ಲ, ಅಂಕಲ್?"

"ನಿನ್ನ ಹೆಂಡ್ತಿ ಏನು, ಪೊಲೀಸಾ?" ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಆಫೀಸಿನಲ್ಲಿ ಎರಡು ಡ್ರಾಯಿಂಗ್‌ಗಳ ಅಳತೆ ಕೂಡದಿದ್ದರೆ ವಾಪಸ್ ಕಳಿಸುವವನು ನಾನು. ಅಂಕಲ್ ಎಂದು ಕರೆದವರನ್ನು ಮೂರನೆಯ ಸಲ ಕೇಳಲು ಬಾಯಿ ಬರಲಿಲ್ಲ. ಕೂಡದ್ದನ್ನು ಪತ್ರದಲ್ಲಿ ನಾನೇ ಕೂಡಿಸಿಬಿಟ್ಟೆ: 'ಮೊದಲು ನಮ್ಮ ಮನೆಯ ದನಗಾಹಿಗಳು ಇಲ್ಲಿ ಅಡುಗೆ ಮಾಡುತ್ತಿದ್ದರು. ಗೋಡೆ ಕಟ್ಟಿದ ಮೇಲೆ ಹಾಲು ಮಾತ್ರ.' ಇದನ್ನು ಅವರು ಹೇಳಿರಲೇ ಇಲ್ಲ. ಅವರು ಕನ್ನಡಕ ಹಾಕಿ ಓದಿದರು. "ಹೌದು, ಹಾಗೇ ಇತ್ತು" ಎಂದು ಸಹಿ ಮಾಡಿದರು. ಅಷ್ಟು ಬೇಗ ನೆನಪಾಯಿತೇ, ಅಥವಾ ಅಷ್ಟು ಬೇಗ ಅನುಕೂಲವಾಯಿತೇ?

ತಿಂಗಳ ಮೇಲೆ ನಮ್ಮ ಹಿತ್ತಲ ಕಡೆಯ ಮರದ ಜಗಲಿಯಲ್ಲಿ, ಡೆಕ್‌ನಲ್ಲಿ, ಕಾಫಿ ಕುಡಿಯುತ್ತ ಅದೇ ದನಗಾಹಿಗಳ ಕಥೆ ಹೇಳಿದರು. ಈಗ ಅದರಲ್ಲಿ ಮೆಕ್ಕೆಜೋಳದ ಹಿಟ್ಟು ಕುದಿಯುವ ಪಾತ್ರೆಯಿತ್ತು, ಕೈ ಸುಟ್ಟುಕೊಂಡ ಚಿಕ್ಕಪ್ಪನಿದ್ದ. ಅವರು ಹೋದ ಮೇಲೆ ಹೆಂಡತಿ, "ನೀವು ಬರದದ್ದು ನಿಮಗ ಹೇಳಿ ಹೋದ್ರಲ್ರಿ" ಎಂದಳು. ನನಗೆ ನಗು ಬರಲಿಲ್ಲ. ಚಿಕ್ಕಪ್ಪ ನಿಜವಾಗಿಯೂ ಇದ್ದಿರಬಹುದು. ದಾಯಾದಿಯ ಚಿಕ್ಕಪ್ಪನೂ ಆಗಿದ್ದಿರಬಹುದು.

ಆ ಚಳಿಗಾಲ ಅವರು ರಾಚೆಸ್ಟರ್ ಹಿಲ್ಸ್‌ನ ಮಗಳ ಮನೆಗೇ ಇರಲು ಹೋದರು. ಹೊರಡುವಾಗ ಪತ್ರದ ವಿಷಯ ಕೇಳಿದೆ. "ಎಲ್ಲ ಇತ್ಯರ್ಥ ಆಯ್ತು" ಎಂದರು. ಯಾರ ಪರವಾಗಿ ಎಂದು ಕೇಳುವಷ್ಟರಲ್ಲಿ ಮಗಳು ಕಾರು ಸ್ಟಾರ್ಟ್ ಮಾಡಿದಳು. ಕೇಳುತ್ತಿದ್ದೆನೋ ಇಲ್ಲವೋ. ತಂಗಿಗೆ ಬಾಗಿಲು ತೆರೆಯಿತೇ ಗೊತ್ತಿಲ್ಲ. ತೆರೆದಿದ್ದರೆ, ನಾನು ಕಟ್ಟಿದ ಎರಡು ವಾಕ್ಯಗಳಿಂದ ಆ ಜಾಗ ಅದರ ನಿಜವಾದ ಹಕ್ಕುದಾರರ ಕೈ ತಪ್ಪಿತೇ, ಅದೂ ಗೊತ್ತಿಲ್ಲ.